ಕಂಬದ ಮೇಲಿನ ಪಿಂಗಾಣಿ

ನಮ್ಮ ಪಟ್ಟಣಗಳಲ್ಲಿ ವಿದ್ಯುತ್ ಕಂಬವಿಲ್ಲದ ಬೀದಿಯನ್ನು ಇಂದು ಹುಡುಕಿಕೊಂಡು ಹೋಗಬೇಕು. ಕಂಬದ ದೀಪವನ್ನು ಎಲ್ಲರೂ ನೋಡುತ್ತಾರೆ; ತಂತಿಯನ್ನು ಕೆಲವರು ನೋಡುತ್ತಾರೆ. ಆದರೆ ತಂತಿಗೂ ಕಂಬಕ್ಕೂ ನಡುವೆ, ಮಗುಚಿಟ್ಟ ಬಟ್ಟಲಿನಂತೆ ಕುಳಿತಿರುವ ಪಿಂಗಾಣಿಯನ್ನು ತಲೆಯೆತ್ತಿ ನೋಡುವವರು ವಿರಳ. ಆ ಬಟ್ಟಲು ಬಿರಿದ ದಿನ ಮಾತ್ರ ಅದರ ನೆನಪಾಗುತ್ತದೆ. ಮಳೆಗಾಲದ ಸಂಜೆ ಊರೆಲ್ಲ ಕತ್ತಲಾದಾಗ ನಾವು ಸಿಬ್ಬಂದಿಯನ್ನು ಬೈಯುತ್ತೇವೆ, ಗಾಳಿಯನ್ನು ಬೈಯುತ್ತೇವೆ. ಮಣ್ಣಿನ ಒಂದು ಬಟ್ಟಲು ತನ್ನ ಕರ್ತವ್ಯದಲ್ಲಿ ತಪ್ಪಿತೆಂಬುದು ನಮಗೆ ತಿಳಿಯುವುದೇ ಇಲ್ಲ.

ಇಂದು ಈ ಬಟ್ಟಲನ್ನು ಕುರಿತು ವಾಚಕರೊಡನೆ ನಾಲ್ಕು ಮಾತನಾಡಬೇಕೆಂದಿದ್ದೇವೆ. ವಿಷಯವು ಅಲ್ಪವೆಂದು ತೋರಬಹುದು. ಆದರೆ ದೇಶವೊಂದು ತನ್ನ ನೆಲದ ಮಣ್ಣನ್ನು ತಾನೇ ಬಳಸಲು ಕಲಿಯುವುದೆಂದರೇನು, ಮತ್ತು ಆ ಕಲಿಕೆಯ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಎರಡು ಪ್ರಶ್ನೆಗಳು ಇದರಲ್ಲಿ ಅಡಗಿವೆ.

ಕಥೆಯು ನಮ್ಮ ನಾಡಿನಲ್ಲಿಯೇ ಆರಂಭವಾಗುತ್ತದೆ. 1902ರಲ್ಲಿ ಮೈಸೂರು ಸಂಸ್ಥಾನವು ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುಚ್ಛಕ್ತಿಯನ್ನು ತೆಗೆದು, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಒದಗಿಸಿತು. ಅಂದಿನ ಜಗತ್ತಿನಲ್ಲಿಯೇ ಅತಿ ಉದ್ದವಾದ ವಿದ್ಯುನ್ಮಾರ್ಗಗಳಲ್ಲಿ ಅದೊಂದಾಗಿದ್ದಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯನ್ನು ಇದಕ್ಕಾಗಿ ನಾವು ಕೊಂಡಾಡುವುದು ನ್ಯಾಯವೇ ಆಗಿದೆ. ಆದರೆ ಒಂದು ಸಂಗತಿಯನ್ನು ಮರೆಯಲಾಗದು. ನದಿಯು ನಮ್ಮದು, ನೆಲವು ನಮ್ಮದು, ಕೂಲಿಯು ನಮ್ಮದು. ಯಂತ್ರಗಳು ಮಾತ್ರ ಅಮೆರಿಕೆಯಿಂದಲೂ ಸ್ವಿಟ್ಸರ್ಲೆಂಡಿನಿಂದಲೂ ಹಡಗೇರಿ ಬಂದುವು. ಯಂತ್ರಗಳ ಮಾತಿರಲಿ, ಅಷ್ಟು ಒತ್ತಡದ ತಂತಿಯನ್ನು ತಡೆದು ಹಿಡಿಯಬಲ್ಲ ಪಿಂಗಾಣಿಯ ಬಟ್ಟಲನ್ನು ಮಾಡುವ ಕಾರ್ಖಾನೆ ಕೂಡ ಅಂದು ಈ ದೇಶದಲ್ಲಿರಲಿಲ್ಲ. ಸಾವಿರಾರು ವರ್ಷ ಮಡಕೆ ಮಾಡಿದ ನಾಡಿಗೆ ಮಣ್ಣಿನ ಬಟ್ಟಲೊಂದು ಪರದೇಶದಿಂದ ಬರಬೇಕಾಯಿತು.

ಹೀಗೇಕಾಯಿತು? ಮಣ್ಣಿಗೆ ಬರವಿದ್ದಿತೆ? ಇಲ್ಲ. ಭೂಮಿಯ ಮೇಲ್ಪದರದ ತೂಕದಲ್ಲಿ ಹೆಚ್ಚು ಕಡಮೆ ಅರ್ಧದಷ್ಟು ಆಮ್ಲಜನಕ, ಕಾಲುಭಾಗಕ್ಕಿಂತ ತುಸು ಹೆಚ್ಚು ಸಿಲಿಕಾನ್ ಎಂಬ ಮೂಲವಸ್ತು. ಇವೆರಡೂ ಕೂಡಿದರೆ ಸಿಲಿಕಾ. ಅದರೊಡನೆ ಇತರ ಧಾತುಗಳು ಬೆರೆತರೆ ಸಿಲಿಕೇಟುಗಳು. ಹೊಳೆಯ ಮರಳು, ಬೆಣಚುಕಲ್ಲು, ಕುಂಬಾರನ ಜೇಡಿ, ಕಿಟಕಿಯ ಗಾಜು, ಮನೆಯ ಹಂಚು, ಕಟ್ಟಡದ ಸಿಮೆಂಟು, ಇವೆಲ್ಲವೂ ಒಂದೇ ಕುಲದ ಮಕ್ಕಳು. ಒಂದು ಸಿಲಿಕಾನ್ ಅಣುವನ್ನು ನಾಲ್ಕು ಆಮ್ಲಜನಕದ ಅಣುಗಳು ನಾಲ್ಕು ದಿಕ್ಕಿನಿಂದ ಬಿಗಿಯಾಗಿ ಹಿಡಿದುಕೊಂಡಿರುವುದೇ ಈ ಕುಲದ ಲಕ್ಷಣ. ಈ ಹಿಡಿತಗಳು ಕ್ರಮವಾಗಿ ಸಾಲುಗೊಂಡಿದ್ದರೆ ಬೆಣಚುಕಲ್ಲು. ಕರಗಿ, ಸಾಲುಗೂಡಲು ಅವಕಾಶವಿಲ್ಲದಂತೆ ತಣಿದರೆ ಗಾಜು. ಹಿಡಿತವು ಬಿಗಿಯಾದುದರಿಂದಲೇ ಈ ವಸ್ತುಗಳು ಬೆಂಕಿಗೆ ಬೇಗ ಕರಗುವುದಿಲ್ಲ, ಆಮ್ಲಕ್ಕೆ ಸುಲಭವಾಗಿ ಸೋಲುವುದಿಲ್ಲ. ವಿದ್ಯುತ್ತನ್ನು ಹೊತ್ತೊಯ್ಯಬಲ್ಲ ಕಣಗಳು ಇವುಗಳಲ್ಲಿ ತಮ್ಮ ತಮ್ಮ ಮನೆಗಳಲ್ಲಿಯೇ ಬಂಧಿತವಾಗಿರುವುದರಿಂದ ವಿದ್ಯುತ್ತು ಹರಿಯುವುದಕ್ಕೆ ದಾರಿಯಿಲ್ಲ.

ಹಾಗಾದರೆ ಕುಂಬಾರನ ಮಡಕೆಯನ್ನೇ ಕಂಬದ ಮೇಲೆ ಮಗುಚಿಟ್ಟರೆ ಸಾಲದೆ? ಸಾಲದು. ಮಡಕೆಯ ಮೈಯಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳಿವೆ. ಬೇಸಗೆಯಲ್ಲಿ ಹೂಜಿಯ ನೀರು ತಣ್ಣಗಾಗುವುದು ಆ ರಂಧ್ರಗಳ ಕೃಪೆಯಿಂದಲೇ. ನೀರನ್ನು ತಣಿಸುವಾಗ ಗುಣವಾದುದು ವಿದ್ಯುತ್ತನ್ನು ತಡೆಯುವಾಗ ದೋಷವಾಗುತ್ತದೆ. ರಂಧ್ರದಲ್ಲಿ ತೇವ ನಿಂತರೆ ವಿದ್ಯುತ್ತಿಗೆ ದಾರಿ ತೆರೆದಂತೆ. ಆದುದರಿಂದ ಒಳಗೆ ಒಂದು ರಂಧ್ರವೂ ಉಳಿಯದಂತೆ, ಮಣ್ಣು ಅರೆಗಾಜಾಗುವವರೆಗೆ ಸುಡಬೇಕು. ಅದೇ ಪಿಂಗಾಣಿ. ಈ ವಿದ್ಯೆಯನ್ನು ಮೊದಲು ಸಾಧಿಸಿದವರು ಚೀನೀಯರು. ಯೂರೋಪಿನವರು ಶತಮಾನಗಳ ಕಾಲ ಅವರ ಬಟ್ಟಲುಗಳಿಗೆ ಬೆಳ್ಳಿಯನ್ನು ಸುರಿದು, ಕೊನೆಗೆ 1708ರ ಸುಮಾರಿಗೆ ಸ್ಯಾಕ್ಸನಿಯಲ್ಲಿ ಅದರ ಗುಟ್ಟನ್ನು ಕಂಡುಕೊಂಡರು. 1710ರಲ್ಲಿ ಮೈಸನ್ನಿನಲ್ಲಿ ಕಾರ್ಖಾನೆ ತೆರೆಯಿತು. ಆ ಗುಟ್ಟನ್ನು ಕಂಡ ಬ್ಯೋಟ್ಗರನು ಚಿನ್ನ ಮಾಡಿಕೊಡುವೆನೆಂದು ಹೇಳಿ ಅರಸನ ಸೆರೆಯಲ್ಲಿ ಸಿಲುಕಿದ್ದವನು. ಚಿನ್ನ ಬರಲಿಲ್ಲ, ಆದರೆ ಬಿಳಿಯ ಪಿಂಗಾಣಿಯು ಆ ಅರಸನ ಬೊಕ್ಕಸಕ್ಕೆ ಚಿನ್ನವನ್ನೇ ತಂದಿತು.

ಕಂಬದ ಬಟ್ಟಲಿಗೆ ಬೇಕಾದ ಸಾಮಗ್ರಿಗಳು ಮೂರೇ. ಬಿಳಿಯ ಜೇಡಿಮಣ್ಣು ಹೆಚ್ಚು ಕಡಮೆ ಅರ್ಧ. ಉಳಿದರ್ಧದಲ್ಲಿ ಫೆಲ್ಡ್‌ಸ್ಪಾರ್ ಎಂಬ ಕಲ್ಲು ಮತ್ತು ಬೆಣಚುಕಲ್ಲು. ಜೇಡಿಯಿಂದ ಹಸಿಯಲ್ಲಿ ಬೇಕಾದ ಆಕಾರ ಕೊಡಲು ಸಾಧ್ಯವಾಗುತ್ತದೆ. ಫೆಲ್ಡ್‌ಸ್ಪಾರ್ ಬೆಂಕಿಯಲ್ಲಿ ಮೊದಲು ಕರಗಿ, ಗಾಜಿನ ಅಂಟಾಗಿ, ಎಲ್ಲ ಸಂದುಗಳನ್ನು ತುಂಬುತ್ತದೆ. ಬೆಣಚುಕಲ್ಲಿನ ಪುಡಿಯು ಎಲುಬಿನಂತೆ ನಿಂತು, ಬೆಂದು ಮೆದುವಾದ ಬಟ್ಟಲು ಕುಸಿಯದಂತೆ ಆಧಾರವಾಗುತ್ತದೆ. ಶಾಖವು ಏರಿದಂತೆ ಜೇಡಿಯೊಳಗೆ ಮುಲ್ಲೈಟ್ ಎಂಬ ಸೂಜಿಯಂತಹ ಹರಳುಗಳು ಹುಟ್ಟಿ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಬೆಂದ ಪಿಂಗಾಣಿಯ ಗಟ್ಟಿತನಕ್ಕೆ ಈ ಹೆಣಿಗೆಯು ಬಹುಮಟ್ಟಿಗೆ ಕಾರಣ.

ಹೇಳುವುದಕ್ಕೆ ಇಷ್ಟು ಸುಲಭವಾದುದು ಮಾಡುವುದಕ್ಕೆ ಎಷ್ಟು ಕಷ್ಟವೆಂಬುದನ್ನು ನೋಡೋಣ. ಕಲ್ಲುಗಳನ್ನು ನೀರಿನೊಡನೆ ಹಿಟ್ಟಿಗಿಂತಲೂ ನುಣ್ಣಗೆ ಅರೆಯಬೇಕು. ಕಬ್ಬಿಣದ ಕಣಗಳನ್ನು ಅಯಸ್ಕಾಂತದಿಂದ ಆಯ್ದು ತೆಗೆಯಬೇಕು. ಕೆಸರನ್ನು ಹಿಂಡಿ, ನಾದಿ, ಒಳಗಿನ ಗಾಳಿಯನ್ನು ಯಂತ್ರದಿಂದ ಹೀರಿ ತೆಗೆಯಬೇಕು. ಏಕೆಂದರೆ ಒಂದು ಗುಳ್ಳೆಯಷ್ಟು ಗಾಳಿ ಉಳಿದರೂ ವಿದ್ಯುತ್ತು ಅಲ್ಲಿಯೇ ಭೇದಿಸೀತು. ಆಕಾರ ಕೊಟ್ಟ ಮೇಲೆ ನಿಧಾನವಾಗಿ ಒಣಗಿಸಬೇಕು. ಹೊರಮೈ ಬೇಗ ಒಣಗಿ ಒಳಮೈ ಹಸಿಯಾಗಿದ್ದರೆ ಬಿರುಕು ತಪ್ಪದು. ಹಸಿಯ ಬಟ್ಟಲು ಒಣಗಿ ಬೇಯುವಷ್ಟರಲ್ಲಿ ಉದ್ದಳತೆಯಲ್ಲಿ ನೂರಕ್ಕೆ ಹತ್ತಕ್ಕಿಂತಲೂ ಹೆಚ್ಚು ಕುಗ್ಗುವುದುಂಟು. ಆ ಕುಗ್ಗುವಿಕೆಯನ್ನು ಮುಂಚಿತವಾಗಿ ಲೆಕ್ಕಹಾಕಿ ದೊಡ್ಡದಾಗಿಯೇ ಮಾಡಬೇಕು. ಆವಿಗೆಯ ಶಾಖ ಸುಮಾರು 1,250ರಿಂದ 1,300 ಡಿಗ್ರಿ ಸೆಂಟಿಗ್ರೇಡಿನವರೆಗೆ ಏರಬೇಕು. ಅಲ್ಲಿಂದ ಇಳಿಯುವಾಗಲೂ ಎಚ್ಚರ ತಪ್ಪುವಂತಿಲ್ಲ. ಬೆಣಚುಕಲ್ಲಿನ ಹರಳು 573 ಡಿಗ್ರಿಯಲ್ಲಿ ಇದ್ದಕ್ಕಿದ್ದಂತೆ ತನ್ನ ಗಾತ್ರವನ್ನು ಬದಲಿಸುತ್ತದೆ. ಆ ಘಟ್ಟದಲ್ಲಿ ಅವಸರಪಟ್ಟರೆ ಅಷ್ಟೂ ಶ್ರಮವು ಒಂದು ಬಿರುಕಿನಲ್ಲಿ ಮುಗಿಯಿತು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೇಲಿನ ಮೆರುಗು ಕೇವಲ ಅಲಂಕಾರವಲ್ಲ. ಅದು ತೆಳುವಾದ ಗಾಜಿನ ಹೊದಿಕೆ. ತಣಿಯುವಾಗ ಒಳಮೈಗಿಂತ ತುಸು ಕಡಮೆ ಕುಗ್ಗುವಂತೆ ಅದರ ಪಾಕವನ್ನು ಕೂಡಿಸಿರುತ್ತಾರೆ. ಹಾಗಾಗಿ ಅದು ಸದಾ ಒತ್ತಡದಲ್ಲಿ ಬಿಗಿದುಕೊಂಡಿರುತ್ತದೆ. ಪಿಂಗಾಣಿಯು ಒತ್ತುವಿಕೆಯನ್ನು ಬಹಳವಾಗಿ ತಡೆದೀತು, ಎಳೆತವನ್ನು ತಡೆಯಲಾರದು. ಈ ಬಿಗಿಯಾದ ಹೊದಿಕೆಯಿಂದ ಅದರ ಬಲವು ಗಣನೀಯವಾಗಿ ಹೆಚ್ಚುತ್ತದೆ. ಧೂಳು ಹಿಡಿಯದೆ ಮಳೆಗೆ ತೊಳೆದುಹೋಗುವುದೂ ಈ ನುಣುಪಿನಿಂದಲೇ. ಬಟ್ಟಲಿನ ಅಂಚು ಕೊಡೆಯಂತೆ ಇಳಿದು, ಕೆಳಗೆ ಬಳೆಬಳೆಯಾಗಿ ಮಡಿಚಿರುವುದಕ್ಕೂ ಕಾರಣವಿದೆ: ಎಂತಹ ಮಳೆಯಲ್ಲಿಯೂ ಸ್ವಲ್ಪ ಭಾಗ ಒಣಗಿರಬೇಕು, ಮೈಮೇಲೆ ಹರಿದು ಹೋಗಲೆಳಸುವ ವಿದ್ಯುತ್ತಿಗೆ ದಾರಿ ಉದ್ದವಾಗಬೇಕು. ಊರ ಹೊರಗಿನ ಉಕ್ಕಿನ ಗೋಪುರಗಳಲ್ಲಿ ಬಟ್ಟಲುಗಳ ಸರಗಳು ತೂಗುತ್ತಿರುವುದನ್ನು ವಾಚಕರು ಕಂಡಿರಬಹುದು. 2 ಲಕ್ಷ 20 ಸಾವಿರ ವೋಲ್ಟಿನ ಮಾರ್ಗದ ಒಂದು ಸರದಲ್ಲಿ ಸಾಮಾನ್ಯವಾಗಿ 13–14 ಬಟ್ಟಲುಗಳಿರುತ್ತವೆ. ಕೆಲವೆಡೆ ಪಿಂಗಾಣಿಗೆ ಬದಲಾಗಿ ಹದವಾದ ಗಡಸು ಗಾಜನ್ನು ತೂಗುಹಾಕುತ್ತಾರೆ; ಅದು ಕೆಟ್ಟರೆ ಪೂರ್ತಿ ಪುಡಿಯಾಗಿ ಉದುರುವುದರಿಂದ ಕೆಳಗೆ ನಿಂತವನಿಗೂ ದೋಷ ಗೋಚರವಾಗುತ್ತದೆ. ಪಿಂಗಾಣಿಯ ಒಳಬಿರುಕು ಹಾಗೆ ಕಣ್ಣಿಗೆ ಬೀಳುವುದಿಲ್ಲ.

ಶಿವನಸಮುದ್ರದಿಂದ ತಂತಿ ಎಳೆದ ಮೂವತ್ತು ವರ್ಷಗಳ ಮೇಲೆ, 1932ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯ ಕಾಲದಲ್ಲಿ, ಮೈಸೂರು ಸರ್ಕಾರವು ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆಯನ್ನು ಸ್ಥಾಪಿಸಿತು. 1976ರಲ್ಲಿ ಅದು ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯ ಅಂಗವಾಯಿತು. ಮಣ್ಣಿನ ಬಟ್ಟಲಿನಿಂದ ಆರಂಭವಾದ ಆ ಸ್ಥಳದಲ್ಲಿಯೇ ಮುಂದೆ ನಮ್ಮ ಕೃತಕ ಉಪಗ್ರಹಗಳಿಗೆ ಬೇಕಾದ ಸೂರ್ಯಶಕ್ತಿಯ ಫಲಕಗಳನ್ನು ಕೂಡ ಜೋಡಿಸಿ ಕೊಟ್ಟರು. ಈ ಮೂವತ್ತು ವರ್ಷಗಳ ಅಂತರವನ್ನು ನಾವು ನಾಚಿಕೆಯ ಮಾತೆಂದು ಎಣಿಸುವುದಿಲ್ಲ, ಪಾಠವೆಂದು ಎಣಿಸುತ್ತೇವೆ. ಮಣ್ಣು 1902ರಲ್ಲಿಯೂ ಇದ್ದಿತು, 1932ರಲ್ಲಿಯೂ ಇದ್ದಿತು. ನಡುವೆ ಬೆಳೆದುದು ಮಣ್ಣನ್ನು ಅರಿತು, ಅಳೆದು, ಪರೀಕ್ಷಿಸಿ, ಸೋತು, ಮತ್ತೆ ಮಾಡುವ ಬುದ್ಧಿ. ನೆಲದ ಸಂಪತ್ತನ್ನು ಕಚ್ಚಾ ಸರಕಾಗಿ ಹಡಗಿಗೆ ತುಂಬಿ, ಅದೇ ಸರಕು ಬಟ್ಟಲಾಗಿ ಹಿಂದಿರುಗಿದಾಗ ಹತ್ತರಷ್ಟು ತೆತ್ತು ಕೊಳ್ಳುವ ದೇಶವು, ಧ್ವಜ ಯಾವುದೇ ಇರಲಿ, ಸ್ವತಂತ್ರವೆನಿಸದು.

ಆದರೆ ಸ್ವದೇಶೀ ಸರಕೆಂದ ಮಾತ್ರಕ್ಕೆ ನಮ್ಮ ಹೊಣೆ ತೀರಿತೆಂದು ಯಾರೂ ಭಾವಿಸಬಾರದು. ಇನ್ನೊಂದು ಸಂಗತಿಯನ್ನು ಹೇಳಿಯೇ ತೀರಬೇಕಾಗಿದೆ, ಅದು ಕಹಿಯಾದುದು.

ಶಿವನಸಮುದ್ರದ ತಂತಿಯು ಹೋಗಿ ಮುಟ್ಟಿದುದು ಎಲ್ಲಿಗೆ? ಕೋಲಾರದ ಗಣಿಗೆ. ಅಲ್ಲಿ ಚಿನ್ನವು ಸಿಕ್ಕುತ್ತಿದ್ದುದು ಬೆಣಚುಕಲ್ಲಿನ ಪದರಗಳಲ್ಲಿ. ನೆಲದಡಿ ಆ ಕಲ್ಲನ್ನು ಕೊರೆದು, ಸಿಡಿಸಿ, ಮೇಲೆ ತಂದು, ವಿದ್ಯುತ್ತಿನಿಂದ ನಡೆಯುವ ಗಿರಣಿಗಳಲ್ಲಿ ಪುಡಿಮಾಡುತ್ತಿದ್ದರು. ಪಿಂಗಾಣಿಯಲ್ಲಿ ಎಲುಬಾಗಿ ನಿಂತು ನಮ್ಮನ್ನು ಕಾಯುವ ಅದೇ ಬೆಣಚುಕಲ್ಲು, ಧೂಳಾಗಿ ಮನುಷ್ಯನ ಎದೆಯನ್ನು ಹೊಕ್ಕರೆ ಹೊರಕ್ಕೆ ಬರುವುದಿಲ್ಲ. ತಲೆಗೂದಲಿನ ಹತ್ತರಲ್ಲೊಂದು ಭಾಗಕ್ಕಿಂತಲೂ ಸಣ್ಣದಾದ ಕಣಗಳು ಶ್ವಾಸಕೋಶದ ತುದಿಯವರೆಗೆ ಇಳಿದು ಅಲ್ಲಿಯೇ ನೆಲಸುತ್ತವೆ. ಅವುಗಳ ಸುತ್ತ ಗಾಯದ ಕಲೆಯಂತಹ ಗಂಟುಗಳು ಬೆಳೆದು, ವರ್ಷಗಳು ಕಳೆದಂತೆ ಉಸಿರು ಕುಗ್ಗುತ್ತ ಹೋಗುತ್ತದೆ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಕ್ಷಯರೋಗವು ಇಂತಹ ಎದೆಯನ್ನು ಸುಲಭವಾಗಿ ಹಿಡಿಯುತ್ತದೆ. ಒಮ್ಮೆ ಹತ್ತಿದ ಈ ರೋಗವನ್ನು ಬಿಡಿಸುವ ಔಷಧವು ಇಂದಿಗೂ ಇಲ್ಲ. ಬಾರದಂತೆ ತಡೆಯುವುದೊಂದೇ ಉಪಾಯ.

ಕೋಲಾರದ ಗಣಿಗಳಲ್ಲಿ 1940ರಿಂದ 1946ರವರೆಗೆ 7,653 ಮಂದಿ ಕೆಲಸಗಾರರನ್ನು ಪರೀಕ್ಷಿಸಿದಾಗ 3,402 ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತು. ನೂರಕ್ಕೆ ನಲವತ್ತಕ್ಕಿಂತಲೂ ಹೆಚ್ಚು! ಈ ಅಂಕಿಯನ್ನು ಓದಿದ ಮೇಲೆ ವಾಚಕರು ಒಂದು ನಿಮಿಷ ನಿಲ್ಲಬೇಕೆಂದು ಬೇಡುತ್ತೇವೆ. ಭಾರತದಲ್ಲಿ ಮೊದಲು ದೊಡ್ಡ ವಿದ್ಯುನ್ಮಾರ್ಗವನ್ನು ಕಂಡ ನಾಡೆಂದು ನಾವು ಹೆಮ್ಮೆಪಡುತ್ತೇವೆ. ಆ ಮಾರ್ಗದ ಕೊನೆಯಲ್ಲಿ ನಿಂತು ದುಡಿದವರ ಎದೆಗಳನ್ನು ಎಣಿಸಿದಾಗ ಬಂದ ಲೆಕ್ಕವಿದು. ಗಣಿಯು 2001ರಲ್ಲಿ ಮುಚ್ಚಿತು. ಧೂಳು ಮಾತ್ರ ಕೋಲಾರಕ್ಕಷ್ಟೇ ಸೇರಿದುದಲ್ಲ. ಮಂದಸೌರದಲ್ಲಿ ಸ್ಲೇಟು ಪೆನ್ಸಿಲ್ ಕೊಯ್ಯುವವರಲ್ಲಿಯೂ, ಖಂಬಾತದಲ್ಲಿ ಅಕೀಕದ ಹರಳುಗಳನ್ನು ಉಜ್ಜುವವರಲ್ಲಿಯೂ ಇದೇ ರೋಗವನ್ನು ವೈದ್ಯರು ಗುರುತಿಸಿದ್ದಾರೆ. ಕಲ್ಲು ಒಡೆಯುವ ಕ್ರಷರು, ಎರಕದ ಮನೆ, ಗಾಜಿನ ಮತ್ತು ಪಿಂಗಾಣಿಯ ಕಾರ್ಖಾನೆ, ಕಟ್ಟಡಕ್ಕೆ ಗ್ರಾನೈಟು ಕೊಯ್ಯುವ ಶೆಡ್ಡು, ಎಲ್ಲಿ ಸಿಲಿಕಾ ಒಣಗಿ ಹಾರುವುದೋ ಅಲ್ಲೆಲ್ಲ ಇದರ ಭಯವುಂಟು.

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. 1948ರ ಕಾರ್ಖಾನೆಗಳ ಕಾಯಿದೆಯೇ ಸಿಲಿಕೋಸಿಸನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತು; ಅದನ್ನು ಕಂಡ ವೈದ್ಯನೂ ವರದಿ ಮಾಡಬೇಕೆಂದು ವಿಧಿಸಿತು. 1995ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಕೂಡಿ, 2030ರೊಳಗೆ ಈ ರೋಗವನ್ನು ಜಗತ್ತಿನಿಂದ ತೊಲಗಿಸಬೇಕೆಂಬ ಗುರಿಯನ್ನಿಟ್ಟವು. ರಾಜಸ್ಥಾನ ಸರ್ಕಾರವು 2019ರಲ್ಲಿ ಇದಕ್ಕಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಹಾಗಿದ್ದೂ ಕೆಲಸಗಾರನು ಕೆಮ್ಮುತ್ತ ಆಸ್ಪತ್ರೆಗೆ ಬಂದಾಗ, ‘ಏನು ಕೆಲಸ ಮಾಡುತ್ತೀರಿ?’ ಎಂಬ ಒಂದು ಪ್ರಶ್ನೆಯನ್ನು ಕೇಳದಿದ್ದರೆ, ಅವನ ರೋಗವು ಕ್ಷಯವೆಂದು ಬರೆಯಲ್ಪಟ್ಟು, ಅವನ ಪರಿಹಾರದ ಹಕ್ಕು ಆ ಕಾಗದದಲ್ಲಿಯೇ ಹೂತುಹೋಗುತ್ತದೆ.

ತಡೆಯುವ ಉಪಾಯವು ದುಬಾರಿಯಾದ ಗುಟ್ಟೇನೂ ಅಲ್ಲ. ಪಿಂಗಾಣಿಯ ವಿದ್ಯೆಯಲ್ಲಿಯೇ ಅದಿದೆ. ಕಲ್ಲನ್ನು ನೀರಿನೊಡನೆ ಅರೆದರೆ ಧೂಳು ಏಳುವುದಿಲ್ಲ. ಕೊರೆಯುವ ಉಳಿಯ ತುದಿಗೆ ನೀರು ಹರಿಸಬೇಕು, ಗಿರಣಿಗೆ ಮುಚ್ಚಳವಿರಬೇಕು, ಧೂಳು ಹುಟ್ಟುವ ಸ್ಥಳದಲ್ಲಿಯೇ ಅದನ್ನು ಹೀರುವ ಯಂತ್ರವಿರಬೇಕು, ನೆಲವನ್ನು ಪೊರಕೆಯಿಂದ ಗುಡಿಸದೆ ನೀರಿನಿಂದ ತೊಳೆಯಬೇಕು. ಮೂಗಿಗೆ ಕಟ್ಟಿದ ಕೈವಸ್ತ್ರವು ಇದಕ್ಕೆ ಸಾಲದು. ಅಷ್ಟು ಸಣ್ಣ ಕಣಗಳು ಬಟ್ಟೆಯ ಎಳೆಗಳ ನಡುವೆ ನುಸುಳಿ ಹೋಗುತ್ತವೆ.

ಇಲ್ಲಿ ಅಧಿಕಾರಿವರ್ಗದ ವಾಚಕರಿಗೆ ನೇರವಾಗಿ ಒಂದೆರಡು ಮಾತುಗಳನ್ನು ಅರಿಕೆ ಮಾಡುತ್ತೇವೆ. ಸರ್ಕಾರದ ಇಲಾಖೆಗಳೂ ನಗರಸಭೆಗಳೂ ವಿದ್ಯುತ್ ಕಂಪನಿಗಳೂ ಪಿಂಗಾಣಿ, ಹಂಚು, ಗಾಜು, ಜಲ್ಲಿಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತವೆ. ಟೆಂಡರಿನಲ್ಲಿ ಎಲ್ಲರಿಗಿಂತ ಕಡಮೆ ದರ ಬರೆದವನಿಗೆ ಕೆಲಸ ಕೊಡುವುದು ರೂಢಿ. ದರವು ಕಡಮೆಯಾದುದು ಹೇಗೆಂದು ವಿಚಾರಿಸುವುದು ಬೇಡವೆ? ಪಿಂಗಾಣಿಯ ಚೂರನ್ನು ಫ್ಯೂಕ್ಸಿನ್ ಎಂಬ ಕೆಂಬಣ್ಣದ ದ್ರವದಲ್ಲಿ ಒತ್ತಡದಿಂದ ಅದ್ದಿ ಒಡೆದು ನೋಡಿದರೆ, ರಂಧ್ರವುಳ್ಳ ಸರಕಿನೊಳಗೆ ಬಣ್ಣವು ಇಳಿದಿರುವುದು ಬರಿಗಣ್ಣಿಗೇ ಕಾಣುತ್ತದೆ. ಇಂತಹ ಪರೀಕ್ಷೆಗಳನ್ನು ಕಾಗದದ ಪ್ರಮಾಣಪತ್ರಕ್ಕೆ ಬಿಡದೆ, ಬಂದ ಸರಕಿನಿಂದಲೇ ಆಯ್ದು ಮಾಡಿಸಬೇಕು. ಆವಿಗೆಯಲ್ಲಿ ಒಂದು ದಿನ ಉಳಿಸಿದವನ ಬಟ್ಟಲು ಮೊದಲ ಮಳೆಗೆ ಬಿರಿದರೆ, ಉಳಿತಾಯವು ಯಾರದು, ನಷ್ಟವು ಯಾರದು?

ಎರಡನೆಯದಾಗಿ, ಸರಕಿನ ಪರೀಕ್ಷೆಯಂತೆಯೇ ಸರಕು ಹುಟ್ಟಿದ ಸ್ಥಳದ ಪರೀಕ್ಷೆಯೂ ಕರಾರಿನಲ್ಲಿ ಸೇರಬೇಕು. ಧೂಳಿನ ಅಳತೆ ಮಾಡಿಸಿದ, ಕೆಲಸಗಾರರ ಎದೆಯ ಚಿತ್ರವನ್ನು ಕಾಲಕಾಲಕ್ಕೆ ತೆಗೆಸಿದ ಕಾರ್ಖಾನೆಗೆ ಮಾತ್ರ ಸಾರ್ವಜನಿಕ ಹಣವು ಹೋಗಬೇಕು. ನೀರು ಹರಿಸುವ ಖರ್ಚನ್ನು ಉಳಿಸಿ ದರವನ್ನು ಇಳಿಸಿದವನಿಗೆ ನಾವು ಟೆಂಡರು ಕೊಟ್ಟರೆ, ಆ ವ್ಯತ್ಯಾಸವನ್ನು ಕೂಲಿಯವನ ಉಸಿರಿನಿಂದ ವಸೂಲು ಮಾಡಿದಂತಾಯಿತು. ಸಹಿ ಹಾಕುವ ಕೈಗೆ ಧೂಳು ತಾಗುವುದಿಲ್ಲ. ಆದುದರಿಂದಲೇ ಆ ಕೈಯ ಹೊಣೆ ಹೆಚ್ಚಿನದು.

ಸಿಲಿಕಾವು ತಾನಾಗಿ ಶತ್ರುವೂ ಅಲ್ಲ, ಮಿತ್ರನೂ ಅಲ್ಲ. ಅದೇ ಪುಡಿಯು ಹದವರಿತ ಕೈಯಲ್ಲಿ ಬೆಂದರೆ ಮಿಂಚನ್ನು ತಡೆದು ಊರನ್ನು ಕಾಯುತ್ತದೆ. ಅಲಕ್ಷ್ಯದಲ್ಲಿ ಹಾರಿದರೆ ಉಸಿರನ್ನು ತಡೆದು ಮನುಷ್ಯನನ್ನು ಕೊಲ್ಲುತ್ತದೆ. ನಮ್ಮ ಮಣ್ಣನ್ನು ನಾವೇ ಬಟ್ಟಲು ಮಾಡಲು ಮೂವತ್ತು ವರ್ಷ ಬೇಕಾಯಿತು. ಅದನ್ನು ಮಾಡುವವನ ಎದೆಯನ್ನು ಕಾಯುವ ವಿದ್ಯೆಯು ನಮಗೆ ಬಹುಕಾಲದಿಂದ ತಿಳಿದೇ ಇದೆ. ಕೊರತೆಯಿರುವುದು ನಡೆಸುವ ಮನಸ್ಸಿನಲ್ಲಿ. ಇಂದು ಸಂಜೆ ದೀಪ ಹತ್ತಿದಾಗ ವಾಚಕರು ಒಮ್ಮೆ ತಲೆಯೆತ್ತಿ ಕಂಬದ ಮೇಲಿನ ಬಟ್ಟಲನ್ನು ನೋಡಲಿ. ಅದನ್ನು ಅರೆದು, ನಾದಿ, ಸುಟ್ಟವನು ಇನ್ನೂ ಸರಾಗವಾಗಿ ಉಸಿರಾಡುತ್ತಿರುವನೇ ಎಂಬ ಪ್ರಶ್ನೆಯನ್ನು, ಕೇಳಬೇಕಾದ ಕಡೆಯಲ್ಲಿ, ಕೇಳಲಿ.